ಆಟಗಾರರ ಲೆವೆಲ್ ಮತ್ತು ಪೋಕೆಮಾನ್ ಬಲ: ಕಲಬುರಗಿ, ಬೀದರ್, ಯಾದಗಿರಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಊರಲ್ಲಿ ನಡೆದಾಡುತ್ತಾ ಪೋಕೆಮಾನ್ ಎಂಬ ಕಾಲ್ಪನಿಕ ಜೀವಿಗಳನ್ನು ಹಿಡಿಯುವ ಮೊಬೈಲ್ ಆಟ ಪೋಕೆಮಾನ್ ಗೋ ಭಾರತಕ್ಕೆ ಅಧಿಕೃತವಾಗಿ ಬಂದದ್ದು 2016ರ ಡಿಸೆಂಬರ್‌ನಲ್ಲಿ. ಅಂದಿನಿಂದ ಇಂದಿನವರೆಗೆ ನಮ್ಮ ಭಾಗದಲ್ಲಿ ಆಡುವವರು ಬದಲಾಗಿದ್ದಾರೆ, ಆಟದ ನಿಯಮಗಳೂ ಬದಲಾಗಿವೆ. ಕೇಳುವ ಪ್ರಶ್ನೆಗಳು ಮಾತ್ರ ಹೆಚ್ಚುಕಡಿಮೆ ಅವೇ ಉಳಿದಿವೆ. ಕಲಬುರಗಿಯ ಅಪ್ಪನ ಕೆರೆಯ ಬಳಿ ಸಂಜೆ ಸೇರುವ ಹುಡುಗರು, ಬೀದರ್ ಮತ್ತು ಯಾದಗಿರಿಯಿಂದ ಬರೆಯುವವರು, ಮಕ್ಕಳ ಆಟದ ಚಿಂತೆಯಲ್ಲಿರುವ ಒಂದಿಬ್ಬರು ತಂದೆತಾಯಿಯರು ಕೇಳಿದ್ದನ್ನು ಅವರದೇ ಮಾತಿನಲ್ಲಿ ಇಲ್ಲಿ ಕೊಟ್ಟಿದ್ದೇನೆ. ಹೊಸಬರು ಮೊದಲಿನಿಂದ ಓದಲಿ, ಹಳಬರು ನೇರವಾಗಿ ಮೂರನೆಯ ಭಾಗಕ್ಕೆ ಹೋಗಬಹುದು.

## ಮೊದಲು ತಿಳಿಯಬೇಕಾದದ್ದು

ಸರ್, ಒಂದೇ ಜಾಗದಲ್ಲಿ ನಿಂತು ಒಂದೇ ಪೋಕೆಮಾನ್ ಹಿಡಿದೆವು. ಗೆಳೆಯನಿಗೆ 1,100 ಸಿಪಿ, ನನಗೆ 240. ಇದು ಮೋಸವಲ್ಲವೇ?

ಮೋಸವಲ್ಲ, ನಿಯಮವೇ ಹಾಗಿದೆ. ಸಿಪಿ ಎಂದರೆ ಪೋಕೆಮಾನ್‌ನ ಒಟ್ಟು ಕಾದಾಟದ ಬಲವನ್ನು ತೋರಿಸುವ ಅಂಕಿ. ಬಯಲಿನಲ್ಲಿ ಕಾಣಿಸುವ ಪ್ರತಿ ಪೋಕೆಮಾನ್‌ಗೂ ಅದರದೇ ಆದ ಒಂದು ಲೆವೆಲ್ ಇರುತ್ತದೆ. ಆ ಲೆವೆಲ್ 1ರಿಂದ 30ರ ನಡುವೆ ಎಲ್ಲಿ ಬೇಕಾದರೂ ಇರಬಹುದು, ಆದರೆ ಆಟಗಾರನ ಲೆವೆಲ್ ಅದಕ್ಕೆ ಕಡಿವಾಣ ಹಾಕುತ್ತದೆ. ನೀವು ಲೆವೆಲ್ 9ರಲ್ಲಿದ್ದರೆ ನಿಮಗೆ ಬಯಲಿನಲ್ಲಿ ಲೆವೆಲ್ 28ರ ಪೋಕೆಮಾನ್ ಕಾಣಿಸುವುದಿಲ್ಲ. ಲೆವೆಲ್ 30 ದಾಟಿದ ಗೆಳೆಯನಿಗೆ ಅದೇ ಜಾಗದಲ್ಲಿ ಅದೇ ಜೀವಿ ಹೆಚ್ಚಿನ ಬಲದೊಂದಿಗೆ ಸಿಗುತ್ತದೆ.

ಸಮಾಧಾನದ ಸಂಗತಿಯೆಂದರೆ ಈ ತಾರತಮ್ಯ ಲೆವೆಲ್ 30ಕ್ಕೆ ಮುಗಿಯುತ್ತದೆ. ಅಲ್ಲಿಂದಾಚೆ 35ರವನಿಗೂ 70ರವನಿಗೂ ಬಯಲಿನಲ್ಲಿ ಸಿಗುವುದರ ಗರಿಷ್ಠ ಮಿತಿ ಒಂದೇ.

ಸಿಪಿ ಮತ್ತು ಪೋಕೆಮಾನ್ ಲೆವೆಲ್ ಎರಡೂ ಒಂದೇ ಅಲ್ಲವೇ?

ಅಲ್ಲ. ಅರ್ಧಕ್ಕರ್ಧ ಗೊಂದಲ ಹುಟ್ಟುವುದೇ ಇಲ್ಲಿ, ಏಕೆಂದರೆ ಆಟ ಸಿಪಿಯನ್ನು ದಪ್ಪ ಅಕ್ಷರದಲ್ಲಿ ತೋರಿಸಿ, ಪೋಕೆಮಾನ್‌ನ ಲೆವೆಲ್ ಅನ್ನು ಅಂಕಿಯಲ್ಲಿ ತೋರಿಸುವುದೇ ಇಲ್ಲ.

ಒಂದು ಪೋಕೆಮಾನ್‌ನ ಬಲ ಮೂರು ಸಂಗತಿಗಳಿಂದ ಆಗುತ್ತದೆ. ಮೊದಲನೆಯದು ಅದರ ಜಾತಿಗೆ ಗೊತ್ತುಪಡಿಸಿದ ಮೂಲ ಅಂಕ: ದಾಳಿ, ರಕ್ಷಣೆ, ಪ್ರಾಣಶಕ್ತಿ. ಎಲ್ಲ ಡ್ರಾಗನೈಟ್‌ಗಳಿಗೂ ಇದು ಸಮಾನ. ಎರಡನೆಯದು ಐವಿ, ಅಂದರೆ ಈ ಮೂರಕ್ಕೂ 0ರಿಂದ 15ರವರೆಗೆ ಸೇರುವ ಹುಟ್ಟುಗುಣ. ಮೂರನೆಯದು ಲೆವೆಲ್. ಪ್ರತಿ ಲೆವೆಲ್‌ಗೂ ಒಂದು ಗುಣಕವಿದೆ: 20ಕ್ಕೆ 0.5974, 30ಕ್ಕೆ 0.7317, 40ಕ್ಕೆ 0.7903, 50ಕ್ಕೆ 0.8403. ಮೂಲ ಅಂಕಕ್ಕೆ ಐವಿ ಕೂಡಿಸಿ ಈ ಗುಣಕದಿಂದ ಗುಣಿಸಿದರೆ ಯುದ್ಧದಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಬಲ ಸಿಗುತ್ತದೆ.

ತೊಗರಿ ಬೆಳೆಯುವ ನಾಡಿನವರಿಗೆ ಇದನ್ನು ಹೀಗೆ ಹೇಳಬಹುದು: ಜಾತಿ ಎಂದರೆ ತಳಿ, ಐವಿ ಎಂದರೆ ಬೀಜದ ಗುಣ, ಲೆವೆಲ್ ಎಂದರೆ ಆ ವರ್ಷದ ಮಳೆ. ಸಿಪಿ ಕೊನೆಗೆ ಕೈಗೆ ಬರುವ ಚೀಲಗಳ ಲೆಕ್ಕ.

ನಾನು ಲೆವೆಲ್ ಏರಿದರೆ ನನ್ನ ಹಳೆಯ ಪೋಕೆಮಾನ್‌ಗಳೂ ತಾವಾಗಿ ಬಲಿಷ್ಠವಾಗುತ್ತವೆಯೇ?

ಇಲ್ಲ. ನಿನ್ನೆ 800 ಸಿಪಿ ಇದ್ದದ್ದು ಇಂದೂ 800. ನಿಮ್ಮ ಲೆವೆಲ್ ಏರಿದಾಗ ಆ ಪೋಕೆಮಾನ್ ಅನ್ನು ಎಷ್ಟು ಎತ್ತರಕ್ಕೆ ಒಯ್ಯಬಹುದು ಎಂಬ ಮಿತಿ ಮಾತ್ರ ಏರುತ್ತದೆ. ಒಯ್ಯುವ ಖರ್ಚು, ಅಂದರೆ ಪೋಕೆಮಾನ್ ಹಿಡಿದಾಗ ಸಿಗುವ ಸ್ಟಾರ್‌ಡಸ್ಟ್ ಮತ್ತು ಕ್ಯಾಂಡಿ ಎಂಬ ಸಾಮಗ್ರಿಗಳು, ನಿಮ್ಮದೇ.

ಮೂಲ ಪೋಕೆಮಾನ್ ಆಟಗಳನ್ನು ಕನ್ಸೋಲ್‌ನಲ್ಲಿ ಆಡಿ ಬಂದವರಿಗೆ ಇದು ವಿಚಿತ್ರವೆನಿಸುತ್ತದೆ. ಅಲ್ಲಿ ಪೋಕೆಮಾನ್ ತಾನೇ ಕಾದಾಡಿ ಅನುಭವ ಗಳಿಸಿ 100ರವರೆಗೆ ಬೆಳೆಯುತ್ತದೆ. ಇಲ್ಲಿ ಸಾವಿರ ಯುದ್ಧ ಗೆದ್ದ ಪೋಕೆಮಾನ್‌ಗೂ ಗೆಲುವಿನಿಂದಲೇ ಒಂದು ಲೆವೆಲ್ ಕೂಡ ಏರಿಕೆಯಿಲ್ಲ. ಅನುಭವವೆಲ್ಲ ಆಟಗಾರನ ಖಾತೆಗೆ ಜಮೆ.

ಇವಾಲ್ವ್ ಮಾಡಿದರೆ, ಅಂದರೆ ಪೋಕೆಮಾನ್ ಅನ್ನು ಮುಂದಿನ ರೂಪಕ್ಕೆ ಬದಲಿಸಿದರೆ, ಸಿಪಿ ಒಮ್ಮೆಲೇ ಜಿಗಿಯುತ್ತದೆ. ಆಗ ಲೆವೆಲ್ ಏರಿತೆಂದು ಅರ್ಥವೇ?

ಲೆವೆಲ್ ಹಾಗೆಯೇ ಇರುತ್ತದೆ, ಐವಿಯೂ ಹಾಗೆಯೇ ಇರುತ್ತದೆ. ಬದಲಾಗುವುದು ಜಾತಿಯ ಮೂಲ ಅಂಕ. ಲೆವೆಲ್ 20ರ, ಐವಿ ಪೂರ್ಣವಿರುವ ಮ್ಯಾಜಿಕಾರ್ಪ್‌ಗೆ 157 ಸಿಪಿ. 400 ಕ್ಯಾಂಡಿ ಕೊಟ್ಟು ಗ್ಯಾರಡೋಸ್ ಮಾಡಿದರೆ ಅದೇ ಲೆವೆಲ್ 20ರಲ್ಲೇ 1,900 ದಾಟುತ್ತದೆ. ಆದ್ದರಿಂದ ಮೊದಲು ಪವರ್ ಅಪ್ ಮಾಡಿ (ಸ್ಟಾರ್‌ಡಸ್ಟ್, ಕ್ಯಾಂಡಿ ಕೊಟ್ಟು ಲೆವೆಲ್ ಏರಿಸಿ) ಆಮೇಲೆ ಇವಾಲ್ವ್ ಮಾಡಿದರೂ, ಮೊದಲು ಇವಾಲ್ವ್ ಮಾಡಿದರೂ ಕೊನೆಯ ಸಿಪಿ ಒಂದೇ. ನನ್ನ ಮಾತು ಕೇಳುವುದಾದರೆ ಮೊದಲು ಇವಾಲ್ವ್ ಮಾಡಿ. ಬಂದ ದಾಳಿಗಳು ಇಷ್ಟವಾಗದಿದ್ದರೆ ಸ್ಟಾರ್‌ಡಸ್ಟ್ ಆದರೂ ಉಳಿದಿರುತ್ತದೆ.

## ಎಲ್ಲಿ ಹಿಡಿದಿರಿ, ಯಾವಾಗ ಹಿಡಿದಿರಿ

ರೇಡ್‌ನಲ್ಲಿ ನನ್ನ ತಮ್ಮನಿಗೂ ನನಗೂ ಒಂದೇ ರೀತಿಯ ಸಿಪಿ ಬಂತು. ಅವನ ಲೆವೆಲ್ 16, ನನ್ನದು 43. ಹೇಗೆ?

ರೇಡ್ ಎಂದರೆ ಆಟಗಾರರು ಸೇರಿ ಒಂದು ಬಲಿಷ್ಠ ‘ಬಾಸ್’ ಪೋಕೆಮಾನ್ ಅನ್ನು ಸೋಲಿಸುವ ಕಾದಾಟ. ಅದನ್ನು ಗೆದ್ದು ಹಿಡಿಯುವ ಪೋಕೆಮಾನ್ ಎಲ್ಲರಿಗೂ ಲೆವೆಲ್ 20ರಲ್ಲೇ ಸಿಗುತ್ತದೆ. ಹವಾಮಾನ ಅನುಕೂಲವಾಗಿದ್ದರೆ 25. ಅಲ್ಪಸ್ವಲ್ಪ ವ್ಯತ್ಯಾಸ ಕಂಡರೆ ಅದು ಐವಿಯದು. ಮ್ಯೂಟೂ ಹಿಡಿಯುವಾಗ ಪರದೆಯಲ್ಲಿ 2,387 ಅಥವಾ 2,984 ಎಂದು ಕಂಡರೆ ಕೈ ನಡುಗುವುದು ಇದಕ್ಕೇ. ಅವು ಲೆವೆಲ್ 20 ಮತ್ತು 25ರಲ್ಲಿ ಐವಿ ಪೂರ್ಣವಿರುವ ಮ್ಯೂಟೂವಿನ ಅಂಕಿಗಳು.

ಸಂಶೋಧನಾ ಕೆಲಸಗಳ ಬಹುಮಾನವಾಗಿ ಬರುವವು ಸಾಮಾನ್ಯವಾಗಿ ಲೆವೆಲ್ 15. ಮೊಟ್ಟೆಯಿಂದ ಬರುವವು ಹೆಚ್ಚೆಂದರೆ 20. ಆಟದೊಳಗಿನ ಖಳರ ಗುಂಪಾದ ಟೀಮ್ ರಾಕೆಟ್‌ನವರನ್ನು ಸೋಲಿಸಿ ಹಿಡಿಯುವ ಶ್ಯಾಡೋ ಪೋಕೆಮಾನ್ ಲೆವೆಲ್ 8, ಹವಾಮಾನ ಸೇರಿದರೆ 13. ಹೊಸಬರಿಗೆ ನಾನು ರೇಡ್‌ಗೆ ಹೋಗಿ ಎಂದು ಒತ್ತಿ ಹೇಳುವುದು ಇದೇ ಕಾರಣಕ್ಕೆ. ಲೆವೆಲ್ 12ರ ಹುಡುಗನಿಗೆ ಬಯಲಿನಲ್ಲಿ ಸಿಗದ ಬಲ ರೇಡ್‌ನಲ್ಲಿ ಸಿಗುತ್ತದೆ.

ನಮ್ಮ ಯಾದಗಿರಿಯಲ್ಲಿ ರೇಡ್‌ಗೆ ನಾಲ್ಕು ಜನ ಸೇರುವುದೇ ಕಷ್ಟ. ಲೆವೆಲ್ ದೊಡ್ಡದಿರುವವರು ಬಂದರೆ ಬಾಸ್ ಇನ್ನಷ್ಟು ಗಟ್ಟಿಯಾಗುತ್ತದೆಯೇ?

ಆಗುವುದಿಲ್ಲ. ಬಾಸ್‌ನ ಪ್ರಾಣಶಕ್ತಿ ರೇಡ್‌ನ ಶ್ರೇಣಿಯಿಂದ ನಿರ್ಧಾರವಾಗುತ್ತದೆ: ಒಂದು ನಕ್ಷತ್ರಕ್ಕೆ 600, ಮೂರಕ್ಕೆ 3,600, ಐದಕ್ಕೆ 15,000. ಒಳಗೆ ಯಾರು ಬಂದರು, ಎಷ್ಟು ಲೆವೆಲ್ ಎಂಬುದು ಅದಕ್ಕೆ ಬೇಕಿಲ್ಲ. ದೊಡ್ಡ ಲೆವೆಲ್‌ನ ಗೆಳೆಯರು ದೂರದ ಊರಿನಲ್ಲಿದ್ದರೆ 2020ರಿಂದ ಇರುವ ರಿಮೋಟ್ ರೇಡ್ ಪಾಸ್ ಬಳಸಿ ಅವರನ್ನು ಒಳಗೆ ಕರೆಯಬಹುದು. ಸಣ್ಣ ಊರಿನವರಿಗೆ ಇದಕ್ಕಿಂತ ದೊಡ್ಡ ಉಪಕಾರ ಆಟ ಮಾಡಿದ್ದಿಲ್ಲ.

ಟೀಮ್ ರಾಕೆಟ್‌ನವರ ವಿಷಯ ಮಾತ್ರ ಬೇರೆ. ಅವರ ಪೋಕೆಮಾನ್‌ಗಳ ಬಲ ನಿಮ್ಮ ಲೆವೆಲ್ ಜೊತೆ ಏರುತ್ತದೆ. ಲೆವೆಲ್ ಏರಿಸಿಕೊಂಡು ತಂಡವನ್ನು ಬೆಳೆಸದೆ ಬಿಟ್ಟವರು ಅಲ್ಲಿ ಏಟು ತಿನ್ನುತ್ತಾರೆ.

ಬಿಸಿಲಿಗೂ ಸಿಪಿಗೂ ಏನು ಸಂಬಂಧ? ಕಲಬುರಗಿಯಲ್ಲಿ ಬಿಸಿಲೊಂದಕ್ಕೆ ಬರವಿಲ್ಲ.

ನೇರ ಸಂಬಂಧವಿದೆ. 2017ರ ಡಿಸೆಂಬರ್‌ನಿಂದ ಆಟದೊಳಗೆ ಹವಾಮಾನ ಬಂದಿದೆ. ಹವಾಮಾನಕ್ಕೆ ಒಪ್ಪುವ ಬಗೆಯ ಪೋಕೆಮಾನ್ ಬಯಲಿನಲ್ಲಿ 5 ಲೆವೆಲ್ ಮೇಲಕ್ಕೆ ಬರುತ್ತದೆ. ಹಾಗಾಗಿ 30ರ ಮಿತಿ 35 ಆಗುತ್ತದೆ. ಅದರ ಮೂರೂ ಐವಿಗಳು 4ಕ್ಕಿಂತ ಕಡಿಮೆ ಇರುವುದಿಲ್ಲ, ಹಿಡಿದಾಗ ಸ್ಟಾರ್‌ಡಸ್ಟ್ ಶೇ 25 ಹೆಚ್ಚು ಸಿಗುತ್ತದೆ. ಯುದ್ಧದಲ್ಲೂ ಆ ಬಗೆಯ ದಾಳಿಗಳಿಗೆ ಶೇ 20 ಹೆಚ್ಚು ಬಲ.

ಬಿಸಿಲು ಬೆಂಕಿ, ಹುಲ್ಲು, ನೆಲ ಈ ಮೂರು ಬಗೆಗಳನ್ನು ಎತ್ತುತ್ತದೆ. ಮಳೆ ನೀರು, ವಿದ್ಯುತ್ ಮತ್ತು ಕೀಟ ಬಗೆಗಳನ್ನು. ಗಾಳಿ ಡ್ರಾಗನ್, ಹಾರುವ ಮತ್ತು ಸೈಕಿಕ್ ಬಗೆಗಳನ್ನು. ಹಿಮ ಮಂಜುಗಡ್ಡೆ ಮತ್ತು ಉಕ್ಕಿನ ಬಗೆಗಳನ್ನು ಎತ್ತುತ್ತದೆ, ಅಂದರೆ ನಮ್ಮೂರಿನಲ್ಲಿ ಕುಳಿತು ಬಯಲಿನಲ್ಲಿ ಲೆವೆಲ್ 35ರ ಶುದ್ಧ ಉಕ್ಕಿನ ಪೋಕೆಮಾನ್ ಹಿಡಿಯುವ ಆಸೆ ಬಿಡುವುದೇ ಲೇಸು.

ಎರಡು ಮಾತು ನೆನಪಿರಲಿ. ಆಟ ನೋಡುವುದು ಹವಾಮಾನ ಮುನ್ಸೂಚನೆಯನ್ನು, ನಿಮ್ಮ ತಲೆಯ ಮೇಲಿನ ಆಕಾಶವನ್ನಲ್ಲ. ಹೊರಗೆ ಧಾರಾಕಾರ ಸುರಿಯುತ್ತಿದ್ದರೂ ಪರದೆಯಲ್ಲಿ ಮೋಡ ಮಾತ್ರ ಕಾಣಬಹುದು. ಇನ್ನೊಂದು, ರಾತ್ರಿಯ ಶುಭ್ರ ಆಕಾಶಕ್ಕೂ ಬಿಸಿಲಿನ ಲಾಭವೇ ಸಿಗುತ್ತದೆ. ಮೇ ತಿಂಗಳ ಮಧ್ಯಾಹ್ನ ಕೋಟೆಯ ಬಳಿ ನಿಂತು ಮೊಬೈಲನ್ನೂ ತಲೆಯನ್ನೂ ಕಾಯಿಸಿಕೊಳ್ಳುವ ಅಗತ್ಯವಿಲ್ಲ. ಊಟ ಮುಗಿಸಿ ರಾತ್ರಿ ಒಂಬತ್ತಕ್ಕೆ ಹೊರಟರೂ ಬೆಂಕಿಯ ಬಗೆ ಅಷ್ಟೇ ಬಲದೊಂದಿಗೆ ಸಿಗುತ್ತದೆ.

ಲೆವೆಲ್ ಏರಿದ ಮೇಲೆ ಪೋಕೆಮಾನ್‌ಗಳು ಹಿಡಿಯಲು ಎಸೆದ ಚೆಂಡಿನಿಂದ ತಪ್ಪಿಸಿಕೊಳ್ಳುವುದು ಹೆಚ್ಚಾಗಿದೆ. ನನ್ನ ಭ್ರಮೆಯೇ?

ಭ್ರಮೆಯಲ್ಲ. ಹಿಡಿಯುವ ಸಾಧ್ಯತೆಯ ಲೆಕ್ಕದಲ್ಲಿ ಪೋಕೆಮಾನ್‌ನ ಲೆವೆಲ್ ಗುಣಕ ಭಾಜಕವಾಗಿ ಕುಳಿತಿದೆ. ಗುಣಕ ದೊಡ್ಡದಾದಷ್ಟೂ ಸಾಧ್ಯತೆ ಕುಗ್ಗುತ್ತದೆ. ಲೆವೆಲ್ 5ರ ಪಿಜಿ ಎಂಬ ಹಕ್ಕಿ ಪೋಕೆಮಾನ್ ಮೊದಲ ಚೆಂಡಿಗೇ ಒಳಗಾದರೆ ಲೆವೆಲ್ 30ರ ಪಿಜಿ ಎರಡು ಸಲ ಹೊರಗೆ ಹಾರಬಹುದು. ಇದಕ್ಕೆ ಮದ್ದು ಗ್ರೇಟ್ ಬಾಲ್, ಅಲ್ಟ್ರಾ ಬಾಲ್, ರಾಜ್ ಬೆರಿ, ತಿರುಗಿಸಿ ಎಸೆಯುವ ಅಭ್ಯಾಸ. ಆಯಾ ಬಗೆಯ ಪದಕಗಳೂ ಸದ್ದಿಲ್ಲದೆ ಸಹಾಯ ಮಾಡುತ್ತವೆ.

## ಸ್ಟಾರ್‌ಡಸ್ಟ್ ಎಲ್ಲಿ ಸುರಿಯಬೇಕು

ನನ್ನ ಲೆವೆಲ್ 18. ಇಷ್ಟದ ಪೋಕೆಮಾನ್ ಅನ್ನು ಈಗಲೇ ಪೂರ್ತಿ ಏರಿಸಲೇ?

ಬೇಡ. ಇಂದು ನೀವು ಬೆವರು ಸುರಿಸಿ 25ಕ್ಕೆ ಏರಿಸುವ ಪೋಕೆಮಾನ್ ನಿಮ್ಮ ಲೆವೆಲ್ 30 ಆದ ಮೇಲೆ ದಾರಿಬದಿಯಲ್ಲಿ ಅದೇ ಬಲದೊಂದಿಗೆ ತಾನಾಗಿ ಸಿಗುತ್ತದೆ, ಅದೂ ಉತ್ತಮ ಐವಿಯೊಂದಿಗೆ ಸಿಕ್ಕರೂ ಸಿಗಬಹುದು. 30ರವರೆಗೆ ಸ್ಟಾರ್‌ಡಸ್ಟ್ ಕೂಡಿಡಿ. ರೇಡ್‌ನಲ್ಲಿ ಸಿಕ್ಕ ಅಪರೂಪದವುಗಳಿಗೆ ಮಾತ್ರ ವಿನಾಯಿತಿ ಕೊಡಬಹುದು, ಏಕೆಂದರೆ ಅವು ಬಯಲಿನಲ್ಲಿ ಕಾಯುತ್ತಾ ಕುಳಿತಿರುವುದಿಲ್ಲ.

ನನ್ನ ಲೆವೆಲ್‌ಗಿಂತ ಎಷ್ಟು ಮೇಲಕ್ಕೆ ಏರಿಸಬಹುದು?

ಹಿಂದೆ ನಿಮ್ಮ ಲೆವೆಲ್‌ಗಿಂತ 2 ಮೇಲಕ್ಕೆ ಮಾತ್ರ ಅವಕಾಶವಿತ್ತು. ನಂತರ ಅದನ್ನು 10ಕ್ಕೆ ಸಡಿಲಿಸಿದರು. ಅಂದರೆ ಲೆವೆಲ್ 30ರ ಆಟಗಾರ ಪೋಕೆಮಾನ್ ಅನ್ನು 40ಕ್ಕೆ, ಲೆವೆಲ್ 40ರ ಆಟಗಾರ 50ಕ್ಕೆ ಒಯ್ಯಬಹುದು. ಅಲ್ಲಿಗೆ ಮುಗಿಯಿತು, ಪವರ್ ಅಪ್‌ಗೆ 50ರ ಮೇಲೆ ದಾರಿಯಿಲ್ಲ. ಆಟಗಾರರ ಗರಿಷ್ಠ ಲೆವೆಲ್ 2020ರ ನವೆಂಬರ್ 30ರಂದು 40ರಿಂದ 50 ಆಯಿತು, 2025ರ ಅಕ್ಟೋಬರ್‌ನಲ್ಲಿ 80 ಆಯಿತು. ಆದರೆ 80ನ್ನು ಮುಟ್ಟಿದವನ ಪೋಕೆಮಾನ್ 40ರಲ್ಲಿರುವವನ ಪೋಕೆಮಾನ್‌ಗಿಂತ ಲೆವೆಲ್‌ನ ಕಾರಣಕ್ಕೆ ಒಂದಂಗುಲವೂ ಮುಂದಿಲ್ಲ. ಆ ಮೇಲಿನ ಲೆವೆಲ್‌ಗಳು ಪ್ರತಿಷ್ಠೆಗೆ, ಬಹುಮಾನಕ್ಕೆ.

40ರಿಂದ 50ಕ್ಕೆ ಏರಿಸುವುದು ಲಾಭವೇ? ಎಲ್ಲರೂ ಏರಿಸುತ್ತಿದ್ದಾರೆ.

ಎಲ್ಲರೂ ಮಾಡುವುದೆಲ್ಲ ಲೆಕ್ಕಕ್ಕೆ ಸರಿಬರಬೇಕೆಂದಿಲ್ಲ. ಖರ್ಚು ನೋಡಿ. ರೇಡ್‌ನಲ್ಲಿ ಲೆವೆಲ್ 20ಕ್ಕೆ ಸಿಕ್ಕದ್ದನ್ನು 30ಕ್ಕೆ ಒಯ್ಯಲು 75,000 ಸ್ಟಾರ್‌ಡಸ್ಟ್. 30ರಿಂದ 40ಕ್ಕೆ 1,50,000. 40ರಿಂದ 50ಕ್ಕೆ 2,50,000, ಅದರ ಮೇಲೆ 296 ಎಕ್ಸೆಲ್ ಕ್ಯಾಂಡಿ (40ರ ಮೇಲಿನ ಪವರ್ ಅಪ್‌ಗೆ ಬೇಕಾಗುವ ವಿಶೇಷ ಕ್ಯಾಂಡಿ).

ಈಗ ಫಲ ನೋಡಿ. ಐವಿ ಪೂರ್ಣವಿರುವ ಡ್ರಾಗನೈಟ್‌ಗೆ ಲೆವೆಲ್ 20ರಲ್ಲಿ 2,167 ಸಿಪಿ, 30ರಲ್ಲಿ 3,251, 40ರಲ್ಲಿ 3,792, 50ರಲ್ಲಿ 4,287. ಖರ್ಚು ಪ್ರತಿ ಸಲ ಹೆಚ್ಚುತ್ತದೆ, ಏರಿಕೆ ಪ್ರತಿ ಸಲ ಕುಗ್ಗುತ್ತದೆ. ಅಷ್ಟೇ ಅಲ್ಲ, ಸಿಪಿಯಲ್ಲಿ ಲೆವೆಲ್ ಗುಣಕ ಎರಡು ಸಲ ಗುಣಿತವಾಗುವುದರಿಂದ ಅಂಕಿ ದೊಡ್ಡದಾಗಿ ಕಾಣುತ್ತದೆ. ಕೊನೆಯ ಹತ್ತು ಲೆವೆಲ್‌ಗಳಲ್ಲಿ ಸಿಪಿ ಶೇ 13 ಏರಿದಂತೆ ಕಂಡರೂ ದಾಳಿ, ರಕ್ಷಣೆ, ಪ್ರಾಣಶಕ್ತಿ ತಲಾ ಏರುವುದು ಶೇ 6ರಷ್ಟು.

ಇನ್ನೂ ಹತ್ತಿರದಿಂದ ನೋಡೋಣ. ಒಂದು ಏಟಿನ ನಷ್ಟದ ಲೆಕ್ಕ ಹೀಗಿದೆ: ದಾಳಿಯ ಶಕ್ತಿಯ ಅರ್ಧವನ್ನು, ನಿಮ್ಮ ದಾಳಿ ಎದುರಾಳಿಯ ರಕ್ಷಣೆಯ ಎಷ್ಟು ಪಟ್ಟಿದೆಯೋ ಅದರಿಂದ ಗುಣಿಸಿ, ಬಗೆಯ ಲಾಭಗಳಿಂದ ಗುಣಿಸಿ, ದಶಾಂಶ ಬಿಟ್ಟು, 1 ಕೂಡಿಸಬೇಕು. ಲೆವೆಲ್ 40ರ ನಿಮ್ಮ ಪೋಕೆಮಾನ್‌ನ ದಾಳಿ ಎದುರಾಳಿಯ ರಕ್ಷಣೆಗೆ ಸಮವಿದೆ, ತನ್ನದೇ ಬಗೆಯ 10 ಶಕ್ತಿಯ ದಾಳಿ ಹೊಡೆಯುತ್ತದೆ ಎನ್ನಿ. ಸ್ವಂತ ಬಗೆಯ ಲಾಭ 1.2 ಸೇರಿ 6, ಜೊತೆಗೆ 1, ಒಟ್ಟು 7. ಅದನ್ನೇ 50ಕ್ಕೆ ಏರಿಸಿದರೆ 6.38 ಬರುತ್ತದೆ, ದಶಾಂಶ ಬಿದ್ದುಹೋಗುತ್ತದೆ, ಮತ್ತೆ 7. ಎರಡೂವರೆ ಲಕ್ಷ ಸ್ಟಾರ್‌ಡಸ್ಟ್ ಸುರಿದ ಮೇಲೂ ಆ ಏಟು ಇದ್ದಲ್ಲೇ ಇದೆ. ಬದಲಿಗೆ ಲೆವೆಲ್ 40ರಲ್ಲೇ ಉಳಿದು, ಎದುರಾಳಿಗೆ ಒಗ್ಗದ ಬಗೆಯ ದಾಳಿ ಆರಿಸಿದರೆ 1.6ರ ಲಾಭ ಸೇರಿ 9.6, ಅಂದರೆ 10 ನಷ್ಟ. ಖರ್ಚು ಸೊನ್ನೆ.

ಅನುಪಾತ ಬೇರೆಯಿದ್ದರೆ 50ಕ್ಕೆ ಏರಿಸಿದಾಗ 7 ಹೋಗಿ 8 ಆಗುವ ಸಂದರ್ಭಗಳೂ ಇವೆ, ರಕ್ಷಣೆ ಮತ್ತು ಪ್ರಾಣಶಕ್ತಿಯ ಲಾಭ ಯಾವಾಗಲೂ ಇದ್ದೇ ಇದೆ. ಸಿಪಿ ಮಿತಿಯಿಲ್ಲದೆ ಆಟಗಾರರು ಪರಸ್ಪರ ಕಾದಾಡುವ ಮಾಸ್ಟರ್ ಲೀಗ್ ಆಡುವವರಿಗೆ 50 ಬೇಕೇ ಬೇಕು. ರೇಡ್ ಮಾತ್ರ ಆಡುವವರು ಒಂದನ್ನು 40ರಿಂದ 50ಕ್ಕೆ ಒಯ್ಯುವ ಖರ್ಚಿನಲ್ಲಿ ಬೇರೆ ಬೇರೆ ಬಗೆಯ ಮೂರನ್ನು 20ರಿಂದ 30ಕ್ಕೆ ಏರಿಸಿ ಸ್ಟಾರ್‌ಡಸ್ಟ್ ಉಳಿಸಬಹುದು. ನನ್ನ ಮತ ಎರಡನೆಯದಕ್ಕೆ.

ಗ್ರೇಟ್ ಲೀಗ್‌ನಲ್ಲಿ ಲೆವೆಲ್ 70ರವನು ಎದುರಾದರೆ ನಾನು ಸೋತಂತೆಯೇ?

ಗ್ರೇಟ್ ಲೀಗ್‌ನ ಮಿತಿ 1,500 ಸಿಪಿ, ಅಲ್ಟ್ರಾ ಲೀಗ್‌ನದು 2,500. ಆತ ಎಷ್ಟೇ ಎತ್ತರದಲ್ಲಿದ್ದರೂ ಅಷ್ಟರೊಳಗೇ ಬರಬೇಕು. ಇಲ್ಲಿ ಒಂದು ತಲೆಕೆಳಗಾದ ಲೆಕ್ಕವಿದೆ. ಸಿಪಿಯ ಸೂತ್ರದಲ್ಲಿ ದಾಳಿ ಪೂರ್ತಿಯಾಗಿ ಗುಣಿತವಾಗುತ್ತದೆ, ರಕ್ಷಣೆ ಮತ್ತು ಪ್ರಾಣಶಕ್ತಿಯ ವರ್ಗಮೂಲ ಮಾತ್ರ ಸೇರುತ್ತದೆ. ಹಾಗಾಗಿ ದಾಳಿಯ ಐವಿ 0, ಉಳಿದೆರಡು 15 ಇರುವ ಪೋಕೆಮಾನ್ ಅನ್ನು 1,500 ದಾಟದಂತೆ ಹೆಚ್ಚು ಲೆವೆಲ್‌ಗೆ ಒಯ್ಯಬಹುದು, ಅದು ಹೆಚ್ಚು ಹೊತ್ತು ನಿಲ್ಲುತ್ತದೆ. ಐವಿಯ ದರ್ಜೆಯಲ್ಲಿ ಎರಡೇ ನಕ್ಷತ್ರವೆಂದು ರೇಡ್‌ನವರು ಬಿಸಾಡುವ ಪೋಕೆಮಾನ್ ಇಲ್ಲಿ ಚಿನ್ನ. ಸಣ್ಣ ಲೆವೆಲ್‌ನವರು ಯುದ್ಧ ಕಲಿಯಲು ಇದಕ್ಕಿಂತ ಒಳ್ಳೆಯ ಅಖಾಡವಿಲ್ಲ.

ಸಿಪಿ ಹೆಚ್ಚಿದ್ದರೂ ಸೋಲುತ್ತಿದ್ದೇನೆ. ಸ್ಲೇಕಿಂಗ್ 4,431, ಎದುರಾಳಿಯದು ಅದಕ್ಕಿಂತ ಬಹಳ ಕಡಿಮೆ.

ಸ್ಲೇಕಿಂಗ್ ಹೊಸಬರನ್ನು ಬಹಳ ಕಾಲದಿಂದ ಮೋಸಗೊಳಿಸುತ್ತ ಬಂದಿದೆ. ಅದರ ಮೂಲ ಅಂಕಗಳು ದೊಡ್ಡವು, ಆದರೆ ಅದರ ತ್ವರಿತ ದಾಳಿ ‘ಯಾನ್’, ಅಂದರೆ ಆಕಳಿಕೆ. ಆ ದಾಳಿಯ ಶಕ್ತಿ ಸೊನ್ನೆ. ಸಿಪಿಯ ಸೂತ್ರಕ್ಕೆ ದಾಳಿಗಳ ಗುಣ ಗೊತ್ತೇ ಇಲ್ಲ. ಮೊದಲು ದಾಳಿ ನೋಡಿ, ಆಮೇಲೆ ಬಗೆ, ಕೊನೆಗೆ ಸಿಪಿ.

## ಹಣ, ಖಾತೆ, ವಿನಿಮಯ

ನನ್ನ ಮಗ ಆಟಕ್ಕೆ ದುಡ್ಡು ಕೇಳುತ್ತಾನೆ. ದುಡ್ಡು ಹಾಕಿದರೆ ಅವನ ಪೋಕೆಮಾನ್ ಬಲ ಹೆಚ್ಚುತ್ತದೆಯೇ?

ಬಲವನ್ನೇ ನೇರವಾಗಿ ಮಾರುವ ವಸ್ತು ಅಂಗಡಿಯಲ್ಲಿಲ್ಲ, ಸಿಗುವುದು ವೇಗ. ಲಕ್ಕಿ ಎಗ್ ಅರ್ಧ ಗಂಟೆ ಅನುಭವವನ್ನು ಇಮ್ಮಡಿ ಮಾಡುತ್ತದೆ, ಸ್ಟಾರ್ ಪೀಸ್ ಅರ್ಧ ಗಂಟೆ ಸ್ಟಾರ್‌ಡಸ್ಟ್ ಅನ್ನು ಒಂದೂವರೆ ಪಟ್ಟು ಮಾಡುತ್ತದೆ. ಆಟದ ನಕ್ಷೆಯಲ್ಲಿರುವ ಜಿಮ್ ಎಂಬ ಕಾದಾಟದ ತಾಣದಲ್ಲಿ ಪೋಕೆಮಾನ್ ನಿಲ್ಲಿಸಿ ದಿನಕ್ಕೆ 50 ನಾಣ್ಯದವರೆಗೆ ದುಡಿಯಬಹುದು. ಆ ನಾಣ್ಯಗಳಲ್ಲೇ ಆಡಲು ಹೇಳಿ, ಸಾಕು.

ಲೆವೆಲ್ 50ರ ಖಾತೆಯೊಂದನ್ನು ಮಾರುತ್ತಿದ್ದಾರೆ. ಕೊಳ್ಳಲೇ, ಅಣ್ಣಾ?

ಬೇಡ, ತಮ್ಮಾ. ಖಾತೆ ಮಾರುವುದು, ಕೊಳ್ಳುವುದು ಎರಡೂ ಆಟದ ಷರತ್ತುಗಳಿಗೆ ವಿರುದ್ಧ. ನಕಲಿ ಜಿಪಿಎಸ್‌ನಿಂದ ಬೆಳೆಸಿದ ಖಾತೆಯಾಗಿದ್ದರೆ ಯಾವಾಗ ಬೇಕಾದರೂ ಮುಚ್ಚಿಹೋಗಬಹುದು, ಮಾರಿದವನು ಪಾಸ್‌ವರ್ಡ್ ಹಿಂಪಡೆದುಕೊಳ್ಳಲೂಬಹುದು.

ದೊಡ್ಡ ಲೆವೆಲ್‌ನ ಕಾಕಾ ನನಗೆ ಬಲಿಷ್ಠ ಪೋಕೆಮಾನ್ ಕೊಡುತ್ತೇನೆ ಎಂದಿದ್ದಾರೆ. ಅಷ್ಟೇ ಸಿಪಿಯಲ್ಲಿ ಬರುತ್ತದೆಯೇ?

ಖಚಿತವಿಲ್ಲ. ವಿನಿಮಯದಲ್ಲಿ ಐವಿ ಹೊಸದಾಗಿ ನಿರ್ಧಾರವಾಗುತ್ತದೆ. ಪಡೆಯುವವರ ಲೆವೆಲ್ ತೀರಾ ಚಿಕ್ಕದಿದ್ದರೆ ಪೋಕೆಮಾನ್‌ನ ಲೆವೆಲ್ ಕೂಡ ಅವರ ಮಿತಿಗೆ ಇಳಿಯುತ್ತದೆ. ಸ್ನೇಹ ಗಟ್ಟಿಯಾದಷ್ಟೂ ಐವಿಯ ಕನಿಷ್ಠ ಏರುತ್ತದೆ: ಮೊದಲ ಹಂತದ ಸ್ನೇಹಕ್ಕೆ 1, ‘ಬೆಸ್ಟ್ ಫ್ರೆಂಡ್’ ಹಂತಕ್ಕೆ 5. ಅದೃಷ್ಟವಿದ್ದು ‘ಲಕ್ಕಿ’ ಆದರೆ 12, ಮೇಲಾಗಿ ಪವರ್ ಅಪ್‌ನ ಸ್ಟಾರ್‌ಡಸ್ಟ್ ಅರ್ಧಕ್ಕೆ ಇಳಿಯುತ್ತದೆ. ಆದ್ದರಿಂದ ಕಾಕಾ ಸಾವಿರಾರು ಸ್ಟಾರ್‌ಡಸ್ಟ್ ಸುರಿದು ಬೆಳೆಸಿದ್ದನ್ನು ಕೇಳಬೇಡಿ. ಬೆಳೆಸದ ಅಪರೂಪದ ಒಂದನ್ನು ಕೇಳಿ, ನಿಮ್ಮಲ್ಲೇ ಬೆಳೆಯಲಿ.

ಗೆಳೆಯನ ಪೋಕೆಮಾನ್ ಲೆವೆಲ್ 51 ಎನ್ನುತ್ತಾನೆ. ಗರಿಷ್ಠ 50 ಎಂದಿರಲ್ಲ?

ಅವನು ಸುಳ್ಳು ಹೇಳುತ್ತಿಲ್ಲ. ಪೋಕೆಮಾನ್ ಅನ್ನು ಬಹಳ ದಿನ ಜೊತೆಗಿಟ್ಟು ನಡೆಸಿ, ತಿನ್ನಿಸಿ, ‘ಬೆಸ್ಟ್ ಬಡಿ’ ಹಂತಕ್ಕೆ ತಂದರೆ ಅದು ಜೊತೆಗಿರುವಷ್ಟು ಹೊತ್ತು ಒಂದು ಲೆವೆಲ್ ಹೆಚ್ಚಿನ ಬಲದಿಂದ ಕಾದಾಡುತ್ತದೆ. ಬೇರೊಂದನ್ನು ಜೊತೆಗಾರನನ್ನಾಗಿ ಮಾಡಿದ ಕ್ಷಣ ಮತ್ತೆ 50. ಒಮ್ಮೆಗೆ ಒಂದಕ್ಕೆ ಮಾತ್ರ ಈ ಲಾಭ ಸಿಗುವುದರಿಂದ ಮಾಸ್ಟರ್ ಲೀಗ್‌ಗೆ ಹೊರಡುವ ಮುನ್ನ ಯಾರನ್ನು ಜೊತೆಗಿಟ್ಟಿದ್ದೀರಿ ಎಂದು ಒಮ್ಮೆ ನೋಡಿಕೊಳ್ಳಿ.